ಕಂಬಳಿಯ ಮುಂದೆ ಪಾರಿಜಾತದ ಅಜ್ಜ: ಎರಡು ಸಣ್ಣ ಫ್ಲ್ಯಾಶ್‌ನಲ್ಲಿ ತೆಗೆದ ಒಂದು ಲೋ-ಕೀ ಫೋಟೋ

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಫೋನ್ ಬಂತು. ಹುಡುಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ಊರು ಲೋಕಾಪುರದ ಹತ್ತಿರದ ಒಂದು ಹಳ್ಳಿ. "ಸರ, ನಮ್ಮ ಅಜ್ಜಂದು ಒಂದ ಫೋಟೋ ಬೇಕ್ರಿ. ದೊಡ್ಡದು. ಸುತ್ತ ಎಲ್ಲಾ ಕರೀದು, ಮುಖ ಅಷ್ಟ ಕಾಣೂ ಹಂಗ." ಮೊಬೈಲಿಗೆ ನಾಲ್ಕು ಮಾದರಿ ಕಳಿಸಿದ. ಎಲ್ಲವೂ ಲೋ-ಕೀ ಪೋರ್ಟ್ರೇಟ್. ಕಪ್ಪು ಹಿನ್ನೆಲೆ, ಒಂದು ಕಡೆಯಿಂದ ಬೆಳಕು, ಅರ್ಧ ಮುಖ ನೆರಳಲ್ಲಿ.

ಬಾಗಲಕೋಟೆಯ ನವನಗರದಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ ಇದೆ. ದಿನದ ಕೆಲಸ ಪಾಸ್‌ಪೋರ್ಟ್ ಸೈಜ್ ಫೋಟೋ, ಸೀಸನ್ ಬಂದರೆ ಮದುವೆ ಆರ್ಡರ್. ಲೋ-ಕೀ ಅಂತ ಕೇಳಿಕೊಂಡು ಬರುವವರು ವರ್ಷಕ್ಕೆ ಇಬ್ಬರೋ ಮೂವರೋ. ಹಾಗಾಗಿ ಖುಷಿಯಾಯಿತು, ಸ್ವಲ್ಪ ಹೆದರಿಕೆಯೂ ಆಯಿತು. ಅಜ್ಜ ಶ್ರೀಕೃಷ್ಣ ಪಾರಿಜಾತ ಬಯಲಾಟದ ಕಲಾವಿದ ಅಂತ ಹುಡುಗ ಹೇಳಿದ್ದ. ಹರೆಯದಲ್ಲಿ ಸತ್ಯಭಾಮೆಯ ಪಾತ್ರ ಮಾಡುತ್ತಿದ್ದರಂತೆ. ಕುಲಗೋಡ ತಮ್ಮಣ್ಣ ಆಟದ ರೂಪ ಕೊಟ್ಟ ಈ ಪಾರಿಜಾತ ನಮ್ಮ ಕಡೆ ಜಾತ್ರೆಗಳಲ್ಲಿ ರಾತ್ರಿಯಿಡೀ ನಡೆಯುತ್ತಿತ್ತು. ಕೌಜಲಗಿ ನಿಂಗಮ್ಮನ ಸತ್ಯಭಾಮೆಯನ್ನು ಇವತ್ತಿಗೂ ನೆನೆಯುವವರಿದ್ದಾರೆ. ಅಂಥ ರಂಗದ ಮೇಲೆ ನಿಂತವರನ್ನು ಕೂರಿಸಿ ಫೋಟೋ ತೆಗೆಯುವಾಗ ಕೈ ಸ್ವಲ್ಪ ನಡುಗುತ್ತದೆ.

ಮೊದಲ ದಿನ ತೆಗೆದ ಫೋಟೋಗಳು ಕೆಟ್ಟವು. ಎರಡನೇ ದಿನ ಸರಿಯಾದವು. ಎರಡಕ್ಕೂ ಉಪಯೋಗಿಸಿದ್ದು ಅದೇ ಕ್ಯಾಮೆರಾ, ಅದೇ ಫ್ಲ್ಯಾಶ್‌ಗಳು, ಅದೇ ಕೋಣೆ. ಏನು ಬದಲಾಯಿತು ಅನ್ನುವುದನ್ನು ಬಿಡಿಸಿ ಬರೆಯುತ್ತೇನೆ.

ಕೋಣೆ ಮತ್ತು ಸಾಮಾನು

ಕೋಣೆ 10 ಅಡಿ ಅಗಲ, 14 ಅಡಿ ಉದ್ದ. ನಾಲ್ಕೂ ಗೋಡೆಗೆ ಬಿಳಿ ಡಿಸ್ಟೆಂಪರ್, ಮೇಲೆ ಬಿಳಿ ಸೀಲಿಂಗ್. ಪಾಸ್‌ಪೋರ್ಟ್ ಫೋಟೋಗೆ ಇದು ಸ್ವರ್ಗ. ಲೋ-ಕೀಗೆ ನರಕ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಹಿಂದೆ ಒಂದು ಜೋಡಿ ದೊಡ್ಡ ಸ್ಟುಡಿಯೋ ಲೈಟ್ ಇಟ್ಟಿದ್ದೆ. ವೋಲ್ಟೇಜ್ ಏರಿಳಿತಕ್ಕೆ ಎರಡೂ ಒಂದೊಂದಾಗಿ ಹೋದವು. ಅವತ್ತಿನಿಂದ ಮದುವೆಗೆ ಒಯ್ಯುವ ಸಣ್ಣ ಫ್ಲ್ಯಾಶ್‌ಗಳಲ್ಲೇ ಕೆಲಸ. ನಾಲ್ಕು ಪೆನ್ಸಿಲ್ ಸೆಲ್ ಹಾಕಿದರೆ ಆಯಿತು, ಕರೆಂಟಿನ ಹಂಗಿಲ್ಲ. ಸೆಲ್ ಮಾತ್ರ ರೀಚಾರ್ಜ್ ಆಗುವ ನಿಕಲ್ ಮೆಟಲ್ ಹೈಡ್ರೈಡ್‌ನವೇ ಇರಲಿ. ಅಂಗಡಿಯ ಸಾದಾ ಸೆಲ್ 1.5 ವೋಲ್ಟ್, ಇದು 1.2. ಆದರೂ ಇದೇ ಬೇಗ ಫ್ಲ್ಯಾಶ್ ತುಂಬಿಸುತ್ತದೆ, ಯಾಕೆಂದರೆ ಒಮ್ಮೆಲೇ ಜಾಸ್ತಿ ಕರೆಂಟ್ ಕೊಡುವ ಶಕ್ತಿ ಇದಕ್ಕಿದೆ.

ಉಳಿದದ್ದು: ದೂರದ ಫ್ಲ್ಯಾಶನ್ನು ಕ್ಯಾಮೆರಾದಿಂದಲೇ ಹಚ್ಚುವ ಒಂದು ರೇಡಿಯೋ ಟ್ರಿಗರ್, ಎರಡು ಸ್ಟ್ಯಾಂಡ್, ಒಂದು ಬಿಳಿ ಅಂಬ್ರೆಲಾ, ಬೆಳಕನ್ನು ಮೃದು ಮಾಡುವ 60 ಸೆಂಟಿಮೀಟರಿನ ಚೌಕ ಸಾಫ್ಟ್‌ಬಾಕ್ಸ್, ಅದರ ಮುಂದೆ ಅಂಟಿಸುವ ಬಟ್ಟೆಯ ಜಾಲರಿ ಗ್ರಿಡ್. ಕ್ಯಾಮೆರಾ ಸಣ್ಣ ಸೆನ್ಸರಿನದು, 24 ಮೆಗಾಪಿಕ್ಸೆಲ್, ಅದಕ್ಕೆ 50 ಎಂಎಂ ಲೆನ್ಸ್. 85 ಎಂಎಂ ಹಾಕುವ ಆಸೆ ಇತ್ತು. ಆದರೆ ಸೊಂಟದವರೆಗೆ ಬರಬೇಕಾದರೆ ನಾನು ಹತ್ತು ಅಡಿಗಿಂತ ಹಿಂದೆ ಹೋಗಬೇಕು, ಅಂದರೆ ಹೆಚ್ಚುಕಮ್ಮಿ ರಸ್ತೆಗೆ.

ಮೊದಲ ದಿನ

ಅಜ್ಜ ಬಂದರು. ಬಿಳಿ ಧೋತರ, ಬಿಳಿ ಅಂಗಿ, ತಲೆಗೆ ಬಿಳಿ ರುಮಾಲು. ಬಿಸಿಲಲ್ಲಿ ಬೆಂದ ಕಪ್ಪು ಮೈಬಣ್ಣ. ಕೆನ್ನೆ ಒಳಗೆ ಹೋಗಿದೆ, ಮೂಗು ನೆಟ್ಟಗಿದೆ, ಬಲಗಣ್ಣು ಪೊರೆ ಆಪರೇಷನ್ ಆದ ಮೇಲೆ ಸ್ವಲ್ಪ ಸಣ್ಣದಾಗಿದೆ. ಜೊತೆಗೆ ಸೊಸೆ ಮತ್ತು ಮೊಮ್ಮಗ. ಅಜ್ಜನ ಕೈಯಲ್ಲೊಂದು ಪ್ಲಾಸ್ಟಿಕ್ ಕವರ್, ಅದರೊಳಗೆ ಆಧಾರ್ ಕಾರ್ಡು, ಒಂದಿಷ್ಟು ಕಾಗದ.

"ತಮ್ಮಾ, ಮಾಸಾಶನಕ್ಕ ಎಷ್ಟ ಕಾಪಿ ಬೇಕಾಗ್ತಾವು?" ಅಂದರು.

ಅಜ್ಜ ಬಂದಿದ್ದು ಕಲಾವಿದರ ಮಾಸಾಶನದ ಅರ್ಜಿಗೆ ಪಾಸ್‌ಪೋರ್ಟ್ ಫೋಟೋ ಅಂದುಕೊಂಡು. ಮೊಮ್ಮಗ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದ. ನಾನು "ಅದನ್ನೂ ತಗಿಯೋಣ ಅಜ್ಜಾರ" ಅಂದೆ.

ಕಪ್ಪು ಪರದೆ ಕಟ್ಟಿದೆ. ಮಿರಿಮಿರಿ ಮಿಂಚುವ ಪಾಲಿಯೆಸ್ಟರ್ ಬಟ್ಟೆ, ಮದುವೆ ಡೆಕೋರೇಷನ್ನಿನಲ್ಲಿ ಉಳಿದದ್ದು. ಅಜ್ಜನನ್ನು ಪರದೆಯಿಂದ 3 ಅಡಿ ಮುಂದೆ ಕುರ್ಚಿಯಲ್ಲಿ ಕೂರಿಸಿದೆ. ಫ್ಲ್ಯಾಶ್‌ಗೆ ಅಂಬ್ರೆಲಾ ಹಾಕಿ, ಮುಖದಿಂದ 5 ಅಡಿ ದೂರ ಪಕ್ಕದಲ್ಲಿ ನಿಲ್ಲಿಸಿದೆ. ತೆಗೆದೆ.

ಪರದೆ ಬೂದಿ ಬಣ್ಣಕ್ಕೆ ಬಂತು. ಅದರ ಮೇಲಿನ ಮಡಿಕೆಗಳೆಲ್ಲ ಮಿಂಚಿದವು. ನೆರಳಿನ ಕಡೆಯ ಕೆನ್ನೆಯಲ್ಲಿ ನೆರಳೇ ಇಲ್ಲ. ಧೋತರ ಸುಣ್ಣದ ಗೋಡೆಯ ಹಾಗೆ ಹೊಳೆಯುತ್ತಿದೆ. ಫೋಟೋದಲ್ಲಿ ಮೊದಲು ಕಾಣುವುದು ಧೋತರ, ಆಮೇಲೆ ರುಮಾಲು, ಕೊನೆಗೆ ಅಜ್ಜ.

ಆಗ ನಾನು ಎಲ್ಲರೂ ಮಾಡುವ ಕೆಲಸ ಮಾಡಿದೆ. ಫ್ಲ್ಯಾಶ್ ಪವರ್ ಇಳಿಸಿದೆ. ಪರದೆ ಕಪ್ಪಾಯಿತು, ಧೋತರ ಹದಕ್ಕೆ ಬಂತು, ಮುಖ ಇದ್ದಿಲಾಯಿತು. ಇನ್ನಷ್ಟು ಇಳಿಸಿದೆ, ಅಜ್ಜನ ರುಮಾಲು ಮತ್ತು ಅಂಗಿ ಮಾತ್ರ ಗಾಳಿಯಲ್ಲಿ ತೇಲುವ ಹಾಗೆ ಕಂಡವು. ಮೊಮ್ಮಗ ಸ್ಕ್ರೀನ್ ನೋಡಿ ಸುಮ್ಮನಿದ್ದ. ಸೊಸೆ ಸುಮ್ಮನಿರಲಿಲ್ಲ. "ಮಾವಾರ ಮುಖ ಎಲ್ಲಿ ಹೋತ್ರಿ?" ಅಂದರು. ಆಮೇಲೆ ಮಗನ ಕಡೆ ತಿರುಗಿ ಮೆಲ್ಲಗೆ, "ಹಿಂದ ಕರೀ ಅರಬಿ ಕಟ್ಟಿ ತಗಿಸೋದು ಛಲೋ ಅಲ್ಲ, ಹೇಳ್ತೀನಿ ನೋಡು" ಅಂದರು. ನನಗೂ ಕೇಳಿಸಿತು.

ಇವತ್ತು ಸೆಖೆ ಜಾಸ್ತಿ, ಅಜ್ಜಾರಿಗೆ ಸುಸ್ತಾಗಿದೆ, ನಾಡಿದ್ದು ಬನ್ನಿ ಅಂತ ಹೇಳಿ ಕಳಿಸಿದೆ. ಸುಸ್ತಾಗಿದ್ದು ನನಗೆ.

ಎಲ್ಲಿ ತಪ್ಪಿದೆ

ರಾತ್ರಿ ಕೂತು ಫೋಟೋಗಳನ್ನು ನೋಡಿದೆ. ತಪ್ಪು ಪವರ್‌ನಲ್ಲಿ ಇರಲಿಲ್ಲ. ಬೆಳಕು ಎಲ್ಲೆಲ್ಲಿ ಹೋಗುತ್ತಿದೆ ಅನ್ನುವುದನ್ನೇ ನಾನು ನೋಡಿರಲಿಲ್ಲ. ಪವರ್ ಇಳಿಸಿದರೆ ಎಲ್ಲವೂ ಒಟ್ಟಿಗೆ ಇಳಿಯುತ್ತದೆ. ಮುಖಕ್ಕೂ ಪರದೆಗೂ ಇರುವ ಅಂತರ ಇದ್ದಷ್ಟೇ ಇರುತ್ತದೆ. ಲೋ-ಕೀಯಲ್ಲಿ ಮುಖಕ್ಕೆ ಬೇಕಾದಷ್ಟು ಬೆಳಕು ಪೂರ್ತಿ ಸಿಗಬೇಕು. ಉಳಿದ ಜಾಗಕ್ಕೆ ಅದು ಹೋಗದ ಹಾಗೆ ತಡೆಯಬೇಕು. ಫೋಟೋದ ತುಂಬ ಕತ್ತಲೆ ಇರುತ್ತದೆ ನಿಜ, ಆದರೆ ಬೆಳಕು ಬಿದ್ದ ಜಾಗ ಕತ್ತಲೆಯಾಗಿರಬಾರದು.

ದೂರದ ಲೆಕ್ಕ ಶಾಲೆಯಲ್ಲಿ ಓದಿದ್ದೇ. ಬೆಳಕಿನಿಂದ ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗ, ಮೂರು ಪಟ್ಟಾದರೆ ಒಂಬತ್ತರಲ್ಲಿ ಒಂದು ಭಾಗ. ಮೊದಲ ದಿನ ಫ್ಲ್ಯಾಶ್‌ನಿಂದ ಮುಖಕ್ಕೆ 5 ಅಡಿ, ಪರದೆಗೆ ಸುಮಾರು 8 ಅಡಿ. ಮುಖದ ಮೇಲೆ 100 ಪಾಲು ಬೆಳಕು ಬಿದ್ದರೆ ಪರದೆಗೆ 39 ಪಾಲು. ಬೂದಿ ಬಣ್ಣ ಬಾರದೆ ಇನ್ನೇನು? ಅದೇ ಫ್ಲ್ಯಾಶನ್ನು ಎರಡೂವರೆ ಅಡಿಗೆ ತಂದು, ಅಜ್ಜನನ್ನು ಪರದೆಯಿಂದ 5 ಅಡಿ ಮುಂದೆ ಕೂರಿಸಿದರೆ ಪರದೆಗೆ ಏಳೂವರೆ ಅಡಿ. ಅಂದರೆ ಮೂರು ಪಟ್ಟು. ಮುಖಕ್ಕೆ 100, ಪರದೆಗೆ 11. ಸ್ಟಾಪ್ ಲೆಕ್ಕದಲ್ಲಿ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧ) ಮೂರಕ್ಕಿಂತ ಸ್ವಲ್ಪ ಜಾಸ್ತಿ ಇಳಿತ. ಒಂದು ರೂಪಾಯಿ ಖರ್ಚಿಲ್ಲದೆ, ಎರಡು ವಸ್ತು ಸರಿಸಿದ್ದಕ್ಕೆ.

ಹತ್ತಿರ ತಂದರೆ ಇನ್ನೊಂದು ಲಾಭ ಇದೆ. ಮುಖಕ್ಕೆ ಎರಡೂವರೆ ಅಡಿ ಇದ್ದರೆ ತೊಡೆಯ ಮೇಲಿನ ಕೈಗೆ ಮೂರೂವರೆ ಅಡಿ ಆಗುತ್ತದೆ. ಅಲ್ಲಿಗೆ ಬೆಳಕು ಅರ್ಧ. ಬಿಳಿ ಧೋತರ ತಾನೇ ತಾನಾಗಿ ಒಂದು ಸ್ಟಾಪ್ ಇಳಿಯಿತು.

ಗೋಡೆಗಳ ಕಥೆ ಬೇರೆ. ಅಂಬ್ರೆಲಾ ಬೆಳಕನ್ನು ನಾಲ್ಕೂ ಕಡೆ ಚೆಲ್ಲುತ್ತದೆ. 10 ಅಡಿ ಅಗಲದ ಬಿಳಿ ಕೋಣೆಯಲ್ಲಿ ಆ ಬೆಳಕು ಎದುರಿನ ಗೋಡೆಗೆ ಬಡಿದು ವಾಪಸ್ ಬಂದು, ನೆರಳು ಬೇಕಾದ ಕೆನ್ನೆಯ ಮೇಲೇ ಕೂರುತ್ತದೆ. ನಾನು ಒಂದೇ ಫ್ಲ್ಯಾಶ್ ಹಚ್ಚಿದ್ದೆ. ಅಜ್ಜನಿಗೆ ಐದು ಕಡೆಯಿಂದ ಬೆಳಕು ಬೀಳುತ್ತಿತ್ತು.

ಬಾದಾಮಿಗೆ ಹೋದಾಗಲೆಲ್ಲ ಮೂರನೇ ಗುಹೆಯಲ್ಲಿ ಸ್ವಲ್ಪ ಹೊತ್ತು ನಿಲ್ಲುವುದು ನನ್ನ ಅಭ್ಯಾಸ. ಕ್ರಿ.ಶ. 578ರ ಶಾಸನ ಇರುವ ಗುಹೆ ಅದು. ಪಡಸಾಲೆಯ ತುದಿಯಲ್ಲಿ ಹಾವಿನ ಮೇಲೆ ಕೂತ ವಿಷ್ಣು. ಬೆಳಕು ಗುಹೆಯ ತೆರೆದ ಬಾಯಿಂದ ಮಾತ್ರ ಬರುತ್ತದೆ, ಅದೂ ವಿಗ್ರಹಕ್ಕೆ ಪಕ್ಕದಿಂದ. ಒಳಗಿನ ಕಲ್ಲು ಬೆಳಕನ್ನು ಹೆಚ್ಚು ವಾಪಸ್ ಕೊಡುವುದಿಲ್ಲ. ಅದಕ್ಕೇ ಮೂಗು, ತುಟಿ, ಕಿರೀಟ ಎಲ್ಲ ಎದ್ದು ಬರುತ್ತವೆ. ಅದೇ ಗುಹೆಗೆ ಬಿಳಿ ಡಿಸ್ಟೆಂಪರ್ ಬಳಿದರೆ ಹೇಗಿರುತ್ತದೆ ಅಂತ ಊಹಿಸಿ. ನನ್ನ ಸ್ಟುಡಿಯೋ ಹಾಗಿತ್ತು.

ಕಂಬಳಿ

ಪಾಲಿಯೆಸ್ಟರ್ ಬಟ್ಟೆ ಎಷ್ಟೇ ಕಪ್ಪಿದ್ದರೂ ಹೊಳೆಯುತ್ತದೆ. ವೆಲ್ವೆಟ್ ಆದರೆ ಬೆಳಕನ್ನು ನುಂಗುತ್ತದೆ, ಆದರೆ ನನ್ನ ಹತ್ತಿರ ಇರಲಿಲ್ಲ. ಮರುದಿನ ಬೆಳಿಗ್ಗೆ ಎದುರು ಮನೆಯ ಕಟ್ಟೆಯ ಮೇಲೆ ಬಿಸಿಲಿಗೆ ಹಾಕಿದ್ದ ಕರಿ ಕಂಬಳಿ ಕಂಡಿತು. ಕುರಿಯ ಉಣ್ಣೆಯದು, ಕೈಮಗ್ಗದ್ದು. ಮುಟ್ಟಿದರೆ ಚುಚ್ಚುತ್ತದೆ. ಮೊಬೈಲ್ ಟಾರ್ಚ್ ಬಿಟ್ಟು ನೋಡಿದೆ. ಬೆಳಕು ಆ ಒರಟು ಎಳೆಗಳ ಸಂದಿಯೊಳಗೆ ಹೋಗಿ ಅಲ್ಲೇ ಉಳಿಯಿತು. ಒಂದು ಕೇಳಿ ತಂದೆ, ಸಾಲದು ಅನ್ನಿಸಿ ಇನ್ನೊಂದು ಮನೆಯಿಂದ ಮತ್ತೊಂದು ತಂದೆ. ಪಕ್ಕಪಕ್ಕಕ್ಕೆ ಕಟ್ಟಿದಾಗ ಕೋಣೆಯ ತುಂಬ ಕುರಿಹಟ್ಟಿಯ ವಾಸನೆ.

ಕಂಬಳಿಯಿಂದ ನಾನು ಎಣಿಸದ ಇನ್ನೊಂದು ಉಪಕಾರ ಆಯಿತು. ಎರಡನೇ ದಿನ ಸೊಸೆ ಒಳಗೆ ಬಂದವರೇ ನೋಡಿ, "ಕಂಬಳಿ ಏನ್ರಿ? ಹಂಗಾದ್ರ ಅಡ್ಡಿಯಿಲ್ಲ" ಅಂದರು. ಕರಿ ಬಟ್ಟೆ ಅಪಶಕುನ, ಕರಿ ಕಂಬಳಿ ಶುಭ. ಗದ್ದುಗೆಗೆ ಹಾಸುವ ವಸ್ತು ಅಲ್ವಾ? ನಮ್ಮ ಕಡೆ ಲೋ-ಕೀ ಮಾಡುವವರು ಈ ಮಾತು ನೆನಪಿಟ್ಟುಕೊಳ್ಳಿ. ಗಿರಾಕಿಯ ಮನಸ್ಸಲ್ಲಿ ಅಳುಕಿದ್ದರೆ ಯಾವ ಬೆಳಕೂ ಕೆಲಸಕ್ಕೆ ಬರುವುದಿಲ್ಲ.

ಪಕ್ಕದ ಗೋಡೆಗೆ ಅದೇ ಹಳೇ ಪಾಲಿಯೆಸ್ಟರ್ ಬಟ್ಟೆ ಇಳಿಬಿಟ್ಟೆ, ಅಜ್ಜನ ನೆರಳಿನ ಕಡೆಗೆ, ಮೂರು ಅಡಿ ದೂರದಲ್ಲಿ. ಅದು ಫೋಟೋದಲ್ಲಿ ಬರುವುದಿಲ್ಲ, ಹೊಳೆದರೂ ಚಿಂತೆಯಿಲ್ಲ. ಗೋಡೆಯಿಂದ ಬೆಳಕು ವಾಪಸ್ ಬರುವುದು ನಿಂತರೆ ಸಾಕು.

ಎರಡನೇ ದಿನ: ಸೆಟ್ಟಿಂಗು

ಮೊದಲು ಎರಡೂ ಫ್ಲ್ಯಾಶ್ ಆರಿಸಿ ಒಂದು ಫೋಟೋ ತೆಗೆದೆ. ಐಎಸ್‌ಓ (ಸೆನ್ಸರಿನ ಸೂಕ್ಷ್ಮತೆ) 100, ಶಟರ್ 1/160 ಸೆಕೆಂಡ್, ಅಪರ್ಚರ್ (ಲೆನ್ಸಿನ ಕಿಂಡಿ) ಎಫ್ 5.6. ಟ್ಯೂಬ್‌ಲೈಟ್ ಉರಿಯುತ್ತಲೇ ಇತ್ತು. ಫೋಟೋ ಪೂರ್ತಿ ಕಪ್ಪು. ಇದು ಆಗಲೇಬೇಕಾದ ಪರೀಕ್ಷೆ. ಇದರಲ್ಲಿ ಏನಾದರೂ ಕಂಡರೆ ಕೋಣೆಯ ಬೆಳಕು ಫೋಟೋದೊಳಗೆ ಸೇರುತ್ತಿದೆ ಎಂದರ್ಥ. ಅದರ ಹಸಿರು ಛಾಯೆಯೂ ಜೊತೆಗೆ ಬರುತ್ತದೆ. ನನ್ನ ಕ್ಯಾಮೆರಾಗೆ ಫ್ಲ್ಯಾಶ್ ಜೊತೆ 1/200 ತನಕ ಹೋಗಬಹುದು. ಆದರೆ ಅಗ್ಗದ ಟ್ರಿಗರ್ ಆದರೆ ತುದಿಯಲ್ಲಿ ಒಮ್ಮೊಮ್ಮೆ ಕೆಳಗೆ ಕಪ್ಪು ಪಟ್ಟಿ ಬರುತ್ತದೆ. ಅದಕ್ಕೇ 1/160.

ಟ್ಯೂಬ್‌ಲೈಟ್ ಆರಿಸಲಿಲ್ಲ ಯಾಕೆ ಅಂತ ಕೇಳಬಹುದು. ಸಣ್ಣ ಫ್ಲ್ಯಾಶ್‌ಗಳಿಗೆ ದೊಡ್ಡ ಸ್ಟುಡಿಯೋ ಲೈಟಿನ ಹಾಗೆ ಸದಾ ಉರಿಯುವ ಬಲ್ಬ್ ಇರುವುದಿಲ್ಲ. ಕತ್ತಲಲ್ಲಿ ಕ್ಯಾಮೆರಾ ಫೋಕಸ್ ಹುಡುಕುತ್ತಾ ಕೂರುತ್ತದೆ. ಟ್ಯೂಬ್ ಹೇಗೂ ಫೋಟೋದಲ್ಲಿ ಬರುವುದಿಲ್ಲ ಅಂತ ಸಾಬೀತಾಗಿದೆ, ಉರಿಯಲಿ ಬಿಡಿ. ಕಣ್ಣಿನ ಪಾಪೆ ಕೂಡ ಜಾಸ್ತಿ ಅರಳುವುದಿಲ್ಲ, ಕಣ್ಣಿನ ಬಣ್ಣ ಕಾಣುತ್ತದೆ.

ಮುಖ್ಯ ಬೆಳಕು ಸಾಫ್ಟ್‌ಬಾಕ್ಸ್, ಅಜ್ಜನ ಎಡಗಡೆ, ಮುಖದಿಂದ ಎರಡೂವರೆ ಅಡಿ. ಮುಂದೆ ಗ್ರಿಡ್. ಗ್ರಿಡ್ ಇದ್ದರೆ ಬೆಳಕು ನೇರ ಹೋಗುತ್ತದೆ, ಪಕ್ಕಕ್ಕೆ ಚೆಲ್ಲುವುದಿಲ್ಲ. ಪವರ್ ಮ್ಯಾನುವಲ್‌ನಲ್ಲಿ 1/8, ಅಂದರೆ ಪೂರ್ತಿ ಶಕ್ತಿಯ ಎಂಟರಲ್ಲಿ ಒಂದು ಭಾಗ. ಆಟೋದಲ್ಲಿ ಇಟ್ಟರೆ ಎರಡು ತೊಂದರೆ. ಕಪ್ಪು ಹಿನ್ನೆಲೆ ನೋಡಿ ಕ್ಯಾಮೆರಾ ಗಾಬರಿಯಾಗಿ ಬೆಳಕು ಏರಿಸುತ್ತದೆ. ಮತ್ತೆ, ಅಳತೆಗಾಗಿ ಮೊದಲೊಂದು ಸಣ್ಣ ಮಿಂಚು ಬಿಡುತ್ತದೆ, ವಯಸ್ಸಾದವರು ಅದಕ್ಕೇ ಕಣ್ಣು ಮುಚ್ಚಿಬಿಡುತ್ತಾರೆ.

ರುಮಾಲು ಇನ್ನೂ ಕಾಟ ಕೊಡುತ್ತಿತ್ತು. ತಲೆಯ ಮೇಲೆ, ಬೆಳಕಿಗೆ ಎಲ್ಲಕ್ಕಿಂತ ಹತ್ತಿರ, ಅಪ್ಪಟ ಬಿಳಿ. ತೆಗೆಯಿರಿ ಅಂತ ಹೇಳುವ ಹಾಗಿಲ್ಲ, ನಾನು ಹೇಳಲೂ ಇಲ್ಲ. ಮೊಮ್ಮಗ ಹೇಳಿದ. ಅಜ್ಜ ಅವನ ಕಡೆ ನೋಡಿದ ನೋಟ ಫೋಟೋದಲ್ಲಿ ಸಿಕ್ಕಿದ್ದರೆ ಅವತ್ತಿನ ಕೆಲಸ ಅಲ್ಲಿಗೇ ಮುಗಿಯುತ್ತಿತ್ತು. ಕೊನೆಗೆ ಕಪ್ಪು ಚಾರ್ಟ್ ಪೇಪರಿನ ಒಂದು ಪಟ್ಟಿ ಕತ್ತರಿಸಿ, ಸಾಫ್ಟ್‌ಬಾಕ್ಸಿನ ಮೇಲಂಚಿಗೆ ಬಟ್ಟೆ ಒಣಹಾಕುವ ಕ್ಲಿಪ್ಪಿನಿಂದ ಸಿಕ್ಕಿಸಿ, ಮುಂದಕ್ಕೆ ಚಾಚುವ ಹಾಗೆ ಬಿಟ್ಟೆ. ಮನೆ ಬಾಗಿಲಿನ ಮೇಲಿನ ತಗಡಿನ ಹಾಗೆ. ಒಂದು ಇಂಚು ಮುಂದೆ, ಅರ್ಧ ಇಂಚು ಕೆಳಗೆ ಅಂತ ಸರಿಸುತ್ತಾ ಹೋದೆ. ಒಂಬತ್ತನೇ ಫೋಟೋದಲ್ಲಿ ನೆರಳಿನ ಗೆರೆ ಸರಿಯಾಗಿ ಹಣೆಯ ಮೇಲಿನ ಸುತ್ತಿಗೆ ಬಂತು. ರುಮಾಲಿನ ಕೆಳಗಿನ ಮಡಿಕೆ ಬೆಳಕಲ್ಲಿ, ಮೇಲಿನದು ಮಬ್ಬಲ್ಲಿ. ಹೆಗಲಿನ ಬಿಳಿಗೆ ಮೂರನೇ ಕಂಬಳಿ ಸಿಕ್ಕಿತು, ಅಜ್ಜನೇ ತಂದಿದ್ದು. ಎಡ ಹೆಗಲ ಮೇಲೆ ಮಡಿಸಿ ಹಾಕಿಕೊಂಡರು. ಎಷ್ಟೋ ವರ್ಷ ಹಾಕಿದ ಅಭ್ಯಾಸ, ನಾನು ಸರಿಪಡಿಸಬೇಕಾಗಲಿಲ್ಲ.

ಎರಡನೇ ಫ್ಲ್ಯಾಶ್ ಹಿಂದೆ, ಬಲಗಡೆ, ನಾಲ್ಕು ಅಡಿ ದೂರದಲ್ಲಿ. ಅದಕ್ಕೆ ಚಾರ್ಟ್ ಪೇಪರ್ ಸುತ್ತಿ ಎಂಟು ಇಂಚಿನ ಕೊಳವೆ ಮಾಡಿದ್ದೆ. ಕಂಬಳಿಯ ಕಪ್ಪಿನಲ್ಲಿ ಬಲ ಹೆಗಲು ಕರಗಿಹೋಗದ ಹಾಗೆ ಅಂಚಿಗೊಂದು ಗೆರೆ ಬೇಕಿತ್ತು. 1/32ರಲ್ಲಿ ಬಿಟ್ಟರೆ ಅಂಗಿಯ ಅಂಚು ಟ್ಯೂಬ್‌ಲೈಟಿನ ಹಾಗೆ ಉರಿಯಿತು. ಹಿಂದಿನಿಂದ ಓರೆಯಾಗಿ ಬೀಳುವ ಬೆಳಕು ಎಣಿಸಿದ್ದಕ್ಕಿಂತ ಜೋರಾಗಿಯೇ ಕಾಣುತ್ತದೆ. 1/64ಕ್ಕೆ ಇಳಿಸಿದೆ. ಸಾಕಷ್ಟಾಯಿತು.

ಪೌಡರು

ಇಷ್ಟೆಲ್ಲ ಆದರೂ ಮುಖ ಜೀವ ಹಿಡಿಯಲಿಲ್ಲ. ಎಕ್ಸ್‌ಪೋಷರ್ ಸರಿ, ಫೋಕಸ್ ಸರಿ. ಆದರೂ ಚರ್ಮ ಬೂದಿ ಮೆತ್ತಿದ ಹಾಗೆ. ಹತ್ತಿರ ಹೋಗಿ ನೋಡಿದೆ. ಹೌದು, ಮೆತ್ತಿತ್ತು. ಸೊಸೆ ಹೊರಡುವ ಮುಂಚೆ ಮಾವನವರಿಗೆ ಚೆನ್ನಾಗಿ ಪೌಡರ್ ಹಚ್ಚಿ ಕರೆತಂದಿದ್ದರು. ಫೋಟೋ ಅಂದರೆ ಪೌಡರ್, ಅದರಲ್ಲೇನು ತಪ್ಪು?

ಕಪ್ಪು ಚರ್ಮದ ಚೆಂದ ಅದರ ಹೊಳಪಿನಲ್ಲಿದೆ. ಕೆನ್ನೆಯ ಮೂಳೆ, ಮೂಗಿನ ಬೆನ್ನು, ಹಣೆಯ ಗೆರೆಗಳ ಏರು, ಇವೆಲ್ಲ ಕಾಣುವುದು ಅಲ್ಲಿ ಸಾಫ್ಟ್‌ಬಾಕ್ಸಿನ ಬಿಂಬ ಮಿಂಚುವುದರಿಂದ. ಪೌಡರ್ ಆ ಮಿಂಚನ್ನೇ ಕುಡಿದುಬಿಡುತ್ತದೆ. ಬೆಳಕು ಹೆಚ್ಚಿಸಿದರೆ ಪೌಡರ್ ಬೆಳ್ಳಗಾಗುತ್ತದೆ ಅಷ್ಟೇ, ಮುಖ ಬೆಳಗುವುದಿಲ್ಲ.

ಒದ್ದೆ ಬಟ್ಟೆ ಕೊಟ್ಟೆ. ಅಜ್ಜ ಮುಖ ಒರೆಸಿಕೊಂಡರು. ಕೊಬ್ಬರಿ ಎಣ್ಣೆಯ ಎರಡು ಹನಿ ಅಂಗೈಗೆ ಹಾಕಿ ಉಜ್ಜಿ, ಹೆಚ್ಚಾದದ್ದನ್ನು ಒರೆಸಿ, ಉಳಿದದ್ದನ್ನು ಕೆನ್ನೆಗೂ ಹಣೆಗೂ ಸವರಿಕೊಳ್ಳಲು ಹೇಳಿದೆ. ಅಜ್ಜ ನಕ್ಕರು. "ಬಣ್ಣ ಹಚ್ಚೂಕಿಂತ ಮೊದಲ ನಾವೂ ಎಣ್ಣೀನ ಹಚ್ಕೋತಿದ್ವಿ ತಮ್ಮಾ." ಮುಂದಿನ ಫೋಟೋದಲ್ಲಿ ಮುಖದ ಒಂದೊಂದು ಗೆರೆಯೂ ಎದ್ದು ಬಂತು. ಸೆಟ್ಟಿಂಗ್ ಒಂದನ್ನೂ ಮುಟ್ಟಿರಲಿಲ್ಲ.

ಕೂರುವ ರೀತಿ

ಮೊದಲ ದಿನ ಕುರ್ಚಿಯಲ್ಲಿ ಕೂರಿಸಿದ್ದು ಇನ್ನೊಂದು ತಪ್ಪು. ಬೆನ್ನಿಗೆ ಆನಿಕೆ ಸಿಕ್ಕರೆ ವಯಸ್ಸಾದ ಮೈ ಕುಸಿಯುತ್ತದೆ, ಹೊಟ್ಟೆ ಮುಂದೆ ಬರುತ್ತದೆ, ಕುತ್ತಿಗೆ ಮಾಯವಾಗುತ್ತದೆ. ಈ ಸಲ ಸ್ಟೂಲ್ ಕೊಟ್ಟೆ, ಅದರ ಮುಂದಿನ ಅಂಚಿಗೆ ಕೂರಲು ಹೇಳಿದೆ. ಊರುಗೋಲನ್ನು ಎರಡೂ ಕೈಯಲ್ಲಿ ಹಿಡಿಸಿದೆ. ಕೈಗೊಂದು ಕೆಲಸ ಕೊಡದಿದ್ದರೆ ಅವು ತೊಡೆಯ ಮೇಲೆ ಸತ್ತ ಮೀನಿನ ಹಾಗೆ ಬಿದ್ದಿರುತ್ತವೆ.

ದೇಹವನ್ನು ಸ್ವಲ್ಪ ಎಡಕ್ಕೆ, ಅಂದರೆ ಬೆಳಕಿನ ಕಡೆಗೆ ತಿರುಗಿಸಿದೆ. ಮುಖವೂ ಅತ್ತಲೇ, ಆದರೆ ಕಣ್ಣು ಕ್ಯಾಮೆರಾಕ್ಕೆ. ಹೀಗಾದಾಗ ಕ್ಯಾಮೆರಾದಿಂದ ದೂರದ ಕೆನ್ನೆಗೆ ಬೆಳಕು ಬೀಳುತ್ತದೆ, ಹತ್ತಿರದ ಅಗಲ ಕೆನ್ನೆ ನೆರಳಿಗೆ ಹೋಗುತ್ತದೆ. ಇದಕ್ಕೆ ಶಾರ್ಟ್ ಲೈಟಿಂಗ್ ಅನ್ನುತ್ತಾರೆ. ಅಜ್ಜನ ಒಳ್ಳೆಯ ಎಡಗಣ್ಣು ಪೂರ್ತಿ ಬೆಳಕಿಗೆ ಬಂತು. ಸಣ್ಣದಾದ ಬಲಗಣ್ಣು ನೆರಳಿನ ಕಡೆ ಉಳಿಯಿತು. ಮೂಗಿನ ನೆರಳು ಕೆಳಗಿಳಿದು ಕೆನ್ನೆಯ ನೆರಳಿಗೆ ಕೂಡಿಕೊಂಡರೆ, ಆ ಬಲಗಣ್ಣಿನ ಕೆಳಗೆ ತ್ರಿಕೋನದ ಒಂದು ಬೆಳಕಿನ ಚೂರು ಉಳಿಯುತ್ತದೆ. 17ನೇ ಶತಮಾನದ ಡಚ್ ಚಿತ್ರಕಾರ ರೆಂಬ್ರಾಂಟ್‌ನ ಹೆಸರಲ್ಲಿ ಕರೆಯುವ ಬೆಳಕು ಇದೇ.

ಶಾರ್ಟ್ ಲೈಟಿಂಗ್ ದುಂಡು ಮುಖಕ್ಕೆ ವರ. ಬತ್ತಿದ ಕೆನ್ನೆಗೆ ಅಷ್ಟು ಒಳ್ಳೆಯದಲ್ಲ, ಮುಖ ಇನ್ನೂ ಸೊರಗಿ ಕಾಣುತ್ತದೆ. ಸಾಫ್ಟ್‌ಬಾಕ್ಸನ್ನು ನಾನು ರೂಢಿಯಂತೆ ಎತ್ತರದಲ್ಲಿ ಇಟ್ಟಿದ್ದೆ, ಕಣ್ಣಿನ ಗುಳಿ ಕಪ್ಪಾಗಿ ಅಜ್ಜ ರೋಗಿಯ ಹಾಗೆ ಕಂಡರು. ಕಣ್ಣಿನ ಮಟ್ಟಕ್ಕಿಂತ ಒಂದು ಅಡಿ ಮೇಲಕ್ಕೆ ಬರುವ ಹಾಗೆ ಇಳಿಸಿದೆ. ಎರಡೂ ಕಣ್ಣಲ್ಲಿ ಸಾಫ್ಟ್‌ಬಾಕ್ಸಿನ ಸಣ್ಣ ಚೌಕ ಮಿಂಚಿತು. ಆ ಮಿಂಚು ಇಲ್ಲದಿದ್ದರೆ ಕಪ್ಪು ಹಿನ್ನೆಲೆಯ ಫೋಟೋ ನಿಜಕ್ಕೂ ಸತ್ತವರ ಫೋಟೋ ಆಗಿಬಿಡುತ್ತದೆ.

ಆದರೆ ಮುಖ ನಿಲ್ಲುತ್ತಿರಲಿಲ್ಲ. "ಸ್ವಲ್ಪ ಎಡಕ್ಕ ಅಜ್ಜಾರ, ಸಾಕು, ಸ್ವಲ್ಪ ವಾಪಸ್." ಪ್ರತಿ ಸಲ ಎರಡು ಇಂಚು ಹೆಚ್ಚು, ಇಲ್ಲ ಕಡಿಮೆ. ತ್ರಿಕೋನ ಬರುತ್ತಿತ್ತು, ಹೋಗುತ್ತಿತ್ತು. ಐದಾರು ಸಲ ಆದ ಮೇಲೆ ಅಜ್ಜ ಕೇಳಿದರು.

"ನಿನ್ನ ಬತ್ತಿ ಎಲ್ಲೈತಿ?"

"ಆ ಡಬ್ಬಿ ಒಳಗ ಅಜ್ಜಾರ."

"ಅದು ಹತ್ತೂದಽ ಇಲ್ಲಲ್ಲೋ. ಮಿಂಚಿ ಹೋಗ್ತೈತಿ. ನಾ ಮುಖ ಯಾರಿಗೆ ಕೊಡ್ಲಿ?"

ಹೌದಲ್ಲ. ಫ್ಲ್ಯಾಶ್ ಉರಿಯುವುದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆ ಹೊತ್ತು. ಅದು ಎಲ್ಲಿಂದ ಬರುತ್ತದೆ ಅಂತ ಕೂತವರಿಗೆ ತಿಳಿಯುವುದು ಹೇಗೆ? ಮೊಬೈಲ್ ಟಾರ್ಚ್ ಹಚ್ಚಿ ಸಾಫ್ಟ್‌ಬಾಕ್ಸಿನ ಅಂಚಿಗೆ ಟೇಪ್ ಸುತ್ತಿದೆ. ಟ್ಯೂಬ್‌ಲೈಟ್ ಆರಿಸಿದೆ. ಕತ್ತಲಲ್ಲಿ ಅದೊಂದೇ ಚುಕ್ಕಿ.

ಅಜ್ಜ ಬೆನ್ನು ನೆಟ್ಟಗೆ ಮಾಡಿದರು. ಗದ್ದ ಸ್ವಲ್ಪ ಮುಂದೆ ಬಂತು, ಆಮೇಲೆ ಒಂದು ಕೂದಲಿನಷ್ಟು ಕೆಳಗೆ ಇಳಿಯಿತು. ಮುಖ ನಿಧಾನ ತಿರುಗಿ, ಟಾರ್ಚಿನ ಬೆಳಕು ಮೂಗು ದಾಟಿ ಆಚೆ ಕೆನ್ನೆಗೆ ಮುಟ್ಟಿದ ಕಡೆ ನಿಂತಿತು. ನಾನು ಬಾಯಿ ಬಿಡಲಿಲ್ಲ. ತ್ರಿಕೋನ ಅಳತೆ ಹಿಡಿದು ಕೊರೆದ ಹಾಗೆ ಕೂತಿತ್ತು.

ಆಟ ಪೆಟ್ರೋಮ್ಯಾಕ್ಸ್ ಬೆಳಕಲ್ಲಿ ನಡೆಯುತ್ತಿದ್ದ ಕಾಲದವರು ಅವರು. ಎರಡೇ ದೀಪ, ಮುಂದೆ ಸಾವಿರ ಜನ. ಬೆಳಕಿಗೆ ಮುಖ ಕೊಡದಿದ್ದರೆ ಹಿಂದಿನ ಸಾಲಿನವರಿಗೆ ಸತ್ಯಭಾಮೆಯ ಸಿಟ್ಟು ಕಾಣುವುದಿಲ್ಲ. "ಗಲ್ಲಕ್ಕ ಅದರ ಬಿಸಿ ಹತ್ತತಿತ್ತು. ಬಿಸಿ ಎಲ್ಲಿ ಹತ್ತತೈತಿ ನೋಡ್ಕೋಂತ ತಿರಗೂದು" ಅಂದರು. ಕಣ್ಣು ಮುಚ್ಚಿಕೊಂಡು ಕೂಡ ಮಾಡುತ್ತಿದ್ದರಂತೆ. ನಾನು ಸ್ಟೂಡೆಂಟ್‌ಗಳಿಗೆ ವಿಡಿಯೋ ತೋರಿಸಿ ಕಲಿಸುವ ಪಾಠ ಇದು.

ಅಲ್ಲಿಂದ ಮುಂದೆ ನಾನು ಬಟನ್ ಒತ್ತುವವನು ಅಷ್ಟೇ. ಪಾರಿಜಾತದ ಹೂವು ರುಕ್ಮಿಣಿಗೆ ಸಿಕ್ಕಿತು ಅಂತ ತಿಳಿದಾಗ ಸತ್ಯಭಾಮೆ ಹೇಗೆ ನೋಡುತ್ತಾಳೆ ಅಂತ ಕೇಳಿದೆ. ಅಜ್ಜ ನೋಡಿದರು. ಕಣ್ಣಿನ ರೆಪ್ಪೆ ಅರ್ಧ ಇಳಿಯಿತು, ಕೋಲು ಹಿಡಿದ ಬೆರಳು ಬಿಗಿಯಾದವು. ಮಧ್ಯೆ ಒಮ್ಮೆ ಕರೆಂಟ್ ಹೋಯಿತು. ಫ್ಯಾನ್ ನಿಂತಿತು. ಫ್ಲ್ಯಾಶ್, ಟಾರ್ಚ್, ಅಜ್ಜ ಮೂವರೂ ನಿಲ್ಲಲಿಲ್ಲ.

ಪ್ರಿಂಟು ಮತ್ತು ತಕರಾರು

ಹಿಸ್ಟೋಗ್ರಾಂ, ಅಂದರೆ ಫೋಟೋದಲ್ಲಿ ಕಪ್ಪೆಷ್ಟು ಬಿಳಿಯೆಷ್ಟು ಅಂತ ತೋರಿಸುವ ಗ್ರಾಫ್, ಪೂರ್ತಿ ಎಡಕ್ಕೆ, ಕಪ್ಪಿನ ಕಡೆಗೆ, ಗುಡ್ಡೆಯಾಗಿತ್ತು. ಲೋ-ಕೀಯಲ್ಲಿ ಹಾಗೇ ಇರಬೇಕು. ಬಲಗಡೆ ಮುಖದ ಬೆಳಕಿಗೆ ಒಂದು ಸಣ್ಣ ಬಾಲ ಇದ್ದರೆ ಸಾಕು, ಅದು ಬಲ ಗೋಡೆಗೆ ಬಡಿಯದಿದ್ದರೆ ಸಾಕು.

ಆರ್ಡರ್ 20×30 ಇಂಚಿನದು. 24 ಮೆಗಾಪಿಕ್ಸೆಲ್ ಫೈಲಿಗೆ ಆ ಸೈಜಿನಲ್ಲಿ ಇಂಚಿಗೆ 200 ಚುಕ್ಕಿ ಸಿಗುತ್ತದೆ, ಗೋಡೆಗೆ ನೇತುಹಾಕಲು ಸಾಕು. ನೇರ ದೊಡ್ಡದಕ್ಕೆ ಹೋಗದೆ 8×12ರಲ್ಲಿ ಒಂದು ಪರೀಕ್ಷೆ ಪ್ರಿಂಟ್ ಹಾಕಿಸಿದೆ. ಬಚಾವಾದೆ. ಲ್ಯಾಬಿನಿಂದ ಬಂದದ್ದರಲ್ಲಿ ಕಂಬಳಿಯೂ ಇಲ್ಲ, ಬಲ ಕೆನ್ನೆಯೂ ಇಲ್ಲ, ಎಲ್ಲ ಒಂದೇ ಡಾಂಬರು. ತಪ್ಪು ಲ್ಯಾಬಿನದಲ್ಲ, ನನ್ನ ಮಾನಿಟರ್ ಜಾಸ್ತಿ ಬ್ರೈಟ್ ಇತ್ತು. ಅದರ ಬೆಳಕು ಇಳಿಸಿ, ಪ್ರಿಂಟನ್ನು ಪಕ್ಕಕ್ಕೆ ಹಿಡಿದು ಹೋಲಿಸಿ, ನೆರಳಿನ ಭಾಗವನ್ನು ಸ್ವಲ್ಪ ಎತ್ತಿದೆ. ಕಂಬಳಿಯ ನೇಯ್ಗೆ ಹತ್ತಿರ ಬಂದು ನೋಡಿದವರಿಗೆ ಕಾಣಬೇಕು, ದೂರದವರಿಗೆ ಕಾಣಬಾರದು. ಪೇಪರ್ ಮ್ಯಾಟ್ ಆರಿಸಿದೆ. ಗ್ಲಾಸಿ ಆದರೆ ಅಷ್ಟು ಕಪ್ಪಿನಲ್ಲಿ ಎದುರಿನ ಕಿಟಕಿಯೇ ಕಾಣುತ್ತದೆ.

ಸೊಸೆಗೆ ಇನ್ನೂ ಪೂರ್ತಿ ಸಮಾಧಾನ ಇರಲಿಲ್ಲ. ಮುಖ ಇನ್ನೂ ಬೆಳ್ಳಗೆ ಬರಬೇಕಿತ್ತು, ಬಲಗಡೆ ಕತ್ತಲೆ ಜಾಸ್ತಿ ಅನ್ನುವುದು ಅವರ ವಾದ. ಮೊದಲನೆಯದನ್ನು ನಾನು ಒಪ್ಪಲಿಲ್ಲ. ಅಜ್ಜನ ಬಣ್ಣ ಅದೇ, ಅದನ್ನು ತೊಳೆದರೆ ಅಜ್ಜ ಇರುವುದಿಲ್ಲ. ಎರಡನೆಯದರಲ್ಲಿ ಅವರ ಮಾತು ನಿಜವಿತ್ತು. ನಾನು ಪಕ್ಕದಲ್ಲಿ ಕಪ್ಪು ಬಟ್ಟೆ ಕಟ್ಟಿ ನೆರಳನ್ನು ಅತಿ ಮಾಡಿದ್ದೆ. ಅದೃಷ್ಟಕ್ಕೆ, ಕೊನೆಯ ಆರೇಳು ಫೋಟೋಗಳಲ್ಲಿ ಆ ಬಟ್ಟೆಯ ಮುಂದೆ ಒಂದು ಥರ್ಮಾಕೋಲ್ ಹಾಳೆ ನಿಲ್ಲಿಸಿದ್ದೆ, ಸುಮ್ನೆ ನೋಡೋಣ ಅಂತ. ಅದರಲ್ಲಿ ಬಲ ಕೆನ್ನೆ ಮಬ್ಬಾಗಿಯಾದರೂ ಇತ್ತು, ಕಿವಿಯ ಒಂಟಿಯೂ ಕಾಣುತ್ತಿತ್ತು. ಮೊಮ್ಮಗನಿಗೆ ಮೊದಲಿನದೇ ಇಷ್ಟ. ಗೋಡೆಗೆ ಹೋದದ್ದು ಥರ್ಮಾಕೋಲಿನದು. ಈಗ ನೋಡಿದರೆ ನನಗೂ ಅದೇ ಸರಿ ಅನ್ನಿಸುತ್ತದೆ.

ಮಾಸಾಶನದ ಫೋಟೋ ಎರಡನೇ ದಿನವೇ ಕೊನೆಯಲ್ಲಿ ತೆಗೆದೆ. ಕಂಬಳಿ ಬಿಚ್ಚಿ ಬಿಳಿ ಪರದೆ ಇಳಿಸಿದೆ. ಗ್ರಿಡ್, ಚಾರ್ಟ್ ಪೇಪರ್, ಕ್ಲಿಪ್ಪು ಎಲ್ಲ ತೆಗೆದು ಎರಡೂ ಫ್ಲ್ಯಾಶನ್ನು ಬಿಳಿ ಸೀಲಿಂಗಿಗೆ ತಿರುಗಿಸಿದೆ. ಸೊಸೆ ಪರ್ಸಿನಿಂದ ಪೌಡರ್ ಡಬ್ಬಿ ತೆಗೆದರು. ಈ ಸಲ ನಾನು ಬೇಡ ಅನ್ನಲಿಲ್ಲ. ಅಜ್ಜ ಮತ್ತೆ ಮುಖ ತಿರುಗಿಸಿ ಟಾರ್ಚ್ ಹುಡುಕುತ್ತಿದ್ದರು.

"ನೆಟ್ಟಗ ನೋಡ್ರಿ ಅಜ್ಜಾರ, ಎರಡೂ ಕಿವಿ ಕಾಣಬೇಕು."

"ಇದಕ್ಕ ಪಾತ್ರ ಏನೋ?"

"ಅರ್ಜಿದಾರ."

ಹತ್ತು ಸೆಕೆಂಡಿನ ಕೆಲಸ. ಎಂಟು ಕಾಪಿ, ಒಂದು ಕವರಿನಲ್ಲಿ.